ಒಡಪು ಹೇಳಿದ ಮೇಲೆ ತೆರೆದ ಬಾಗಿಲು

ಬೆಳಿಗ್ಗೆಯಿಂದ ಮನೆಯ ಬಾಗಿಲೇ ತನ್ನನ್ನು ಗುರುತಿಸುತ್ತಿಲ್ಲ ಎಂದು ಗೌರವ್ವಜ್ಜಿ ಪ್ರಮಾಣಪತ್ರ ಕಚೇರಿಯ ನನ್ನ ಕೌಂಟರಿಗೆ ಬಂದರು. ಹೀಗೆ ದಿನಕ್ಕೆ ಹತ್ತು ಜನ ಬರುತ್ತಾರೆ. ಮನೆಯ ಯಜಮಾನರು ಸಹಿ ಮಾಡಿದ ಪ್ರಮಾಣಪತ್ರ ಇಲ್ಲದಿದ್ದರೆ ನಮ್ಮೂರಿನ ಬಾಗಿಲುಗಳು ಯಾರಿಗೂ ತೆರೆಯುವುದಿಲ್ಲ.

ಒಂಬತ್ತು ಲಕ್ಷ ಪ್ರಮಾಣಪತ್ರಗಳನ್ನು ಪರದೆಯ ಮೇಲೆ ಓಣಿ, ಹೆಸರು, ವಯಸ್ಸು ಎಂದು ಸೋಸಿದೆ. ಹದಿನೇಳು ಗೌರವ್ವಂದಿರು ಉಳಿದರು. ತಪ್ಪು ಗೌರವ್ವನಿಗೆ ಬಾಗಿಲು ತೆರೆದುಬಿಟ್ಟರೆ ಎಂಬುದು ನನ್ನ ನಿತ್ಯದ ಭಯ.

"ಸಹಿ ಮಾಡಿದ ಯಜಮಾನರ ಹೆಸರು ಹೇಳ್ರಿ, ಅಜ್ಜಿ."

"ಗಂಡನ ಹೆಸರು ಹಂಗ ಬಾಯಿಬಿಟ್ಟು ಹೇಳತಾರೇನ ಯವ್ವಾ?" ಅಜ್ಜಿ ಸೆರಗು ಸರಿಮಾಡಿಕೊಂಡು, ಮದುವೆಮನೆಯಲ್ಲಿ ಹೇಳುವಂತೆ, ಗಂಡನ ಹೆಸರನ್ನು ಪ್ರಾಸದಲ್ಲಿ ಸೇರಿಸಿ ಕೌಂಟರಿನ ಮೈಕಿಗೆ ಒಡಪು ಹೇಳಿದರು: "ಹಸಿರ ಸೀರಿಗೆ ಕೆಂಪ ಸೆರಗ, ರುದ್ರಗೌಡರ ಹೇಂತಿ ನಿಂತಾಳ ಬಾಗಿಲ ಹೊರಗ!"

ಸಾಲಿನಲ್ಲಿದ್ದವರೆಲ್ಲ ನಕ್ಕರು. ಪರದೆಯ ಮೇಲೆ ಒಂದೇ ಪತ್ರ ಉಳಿಯಿತು. ಅದನ್ನು ಮುಂಜಾನೆ ಏಳಕ್ಕೆ ಯಜಮಾನರೇ ರದ್ದು ಮಾಡಿದ್ದರು. ಕಾರಣ ಓದಿ ಹೇಳಿದೆ: ಚಹಾಕ್ಕೆ ಸಕ್ಕರೆ ಹಾಕಲಿಲ್ಲ.

"ಡಾಕ್ಟರ ಬ್ಯಾಡ ಅಂದಾರ! ಆ ಮುದುಕಗ ಯಾರ ಹೇಳಬೇಕು?"

ನಿಯಮದಂತೆ ಅಜ್ಜಿಯ ಮನವಿಯನ್ನು ಯಜಮಾನರಿಗೆ ಕಳಿಸಿದೆ, ಒಡಪಿನ ಧ್ವನಿಯ ಸಮೇತ. ನಿಮಿಷದಲ್ಲೇ ಪತ್ರ ಮತ್ತೆ ಚಾಲ್ತಿಗೆ ಬಂತು. ಕಾರಣದ ಜಾಗದಲ್ಲಿ ಹೀಗಿತ್ತು: "ನಿನ್ನ ಒಡಪು ಕೇಳಿ ನಲವತ್ತು ವರ್ಷ ಆಗಿತ್ತು. ಮನೀಗೆ ಬಂದು ಇನ್ನೊಮ್ಮೆ ಹೇಳು. ಬಾಗಿಲಾ ತೆಗದೈತಿ."