ಜಾಹೀರಾತಿನ ಹೆಂಗಸು

ಪತ್ರಿಕೆಯ ಜಾಹೀರಾತಿನಲ್ಲಿದ್ದ ಹೆಂಗಸು ಕೊಚ್ಚಿಯ ಕ್ಲಿನಿಕ್ಕಿನ ಕೌಂಟರಿನಲ್ಲೇ ಕೂತಿದ್ದಳು. ಗಣೇಶಪ್ರಸಾದ ಕಿಸೆಯಿಂದ ಪತ್ರಿಕೆಯ ತುಂಡನ್ನು ತೆಗೆದು ಒಮ್ಮೆ ಅದನ್ನು, ಒಮ್ಮೆ ಅವಳನ್ನು ನೋಡಿದ. ಎಡಗಡೆಯ ಚಿತ್ರದಲ್ಲಿ ನೆತ್ತಿ ಕಾಣಿಸಿಕೊಂಡು ಸಪ್ಪಗಿದ್ದವಳು, ಬಲಗಡೆಯಲ್ಲಿ ಹೆಗಲ ತುಂಬ ಕೂದಲು ಹರಡಿಕೊಂಡು ನಗುತ್ತಿದ್ದವಳು, ಇಬ್ಬರೂ ಇವಳೇ. ಗಲ್ಲದ ಮಚ್ಚೆ ಸಹ ಅದೇ. ಅಂಗಿಯ ಮೇಲಿನ ಪಟ್ಟಿಯಲ್ಲಿ ಗ್ರೇಸಿ ಎಂದು ಬರೆದಿತ್ತು.

ಅವನಿಗೆ ಕಸಿವಿಸಿಯಾಯಿತು. ಇದು ಮೋಸವೆಂದು ತೀರ್ಮಾನಿಸಿಯೇ ಅವನು ಒಳಗೆ ಬಂದಿದ್ದ. ತಿರುವನಂತಪುರದ ಶ್ರೀಕಾರ್ಯದಲ್ಲಿ ಮರಗೆಣಸಿನ ಬೆಳೆಗೆ ಗೊಬ್ಬರ ಪರೀಕ್ಷಿಸುವ ವಿಜ್ಞಾನಿ ಅವನು. ಇಂಥ ಚಿತ್ರಗಳಲ್ಲಿ ಇರುವವರು ಎಲ್ಲಿಯೂ ಸಿಗುವುದಿಲ್ಲ, ಬೇಕಾದರೆ ವಿಚಾರಿಸಿ ಬರುತ್ತೇನೆ ಎಂದು ಹೆಂಡತಿ ದೀಪ್ತಿಗೆ ಹೇಳಿ, ಆಫೀಸಿನ ಕೆಲಸಕ್ಕೆಂದು ಕೊಚ್ಚಿಯ ರೈಲು ಹತ್ತಿದ್ದ.

“ಈ ಚಿತ್ರ ನಿಮ್ಮದಾ?” ಎಂದು ಮಲೆಯಾಳದಲ್ಲಿ ಕೇಳಿದ.

“ನನ್ನದೇ ಸಾರೇ. ಸಂಶಯ ಇದ್ದರೆ ಎಳೆದು ನೋಡಿ,” ಎಂದು ಗ್ರೇಸಿ ಜಡೆಯನ್ನು ಮುಂದಕ್ಕೆ ಹಾಕಿಕೊಂಡಳು. “ಕೂದಲು ಬಂದದ್ದು ನೋಡಿ ಡಾಕ್ಟರು ಇಲ್ಲಿಯೇ ಕೆಲಸ ಕೊಟ್ಟರು.”

“ಉದುರಿದ್ದು ಯಾಕೆ?”

“ಚಿಕೂನ್‌ಗುನ್ಯಾ.”

ಗಣೇಶಪ್ರಸಾದನಿಗೆ ಹಿಡಿತ ಸಿಕ್ಕಿದಂತಾಯಿತು. “ಜ್ವರದಿಂದ ಹೋದ ಕೂದಲು ತಾನಾಗಿಯೇ ಬರುತ್ತದಲ್ಲ!”

ಗ್ರೇಸಿ ಡಾಕ್ಟರರ ಕೋಣೆಯ ಬಾಗಿಲತ್ತ ನೋಡಿ ದನಿ ತಗ್ಗಿಸಿದಳು. “ಬರುತ್ತದೆ ಅನ್ನುತ್ತಾರೆ. ನನ್ನ ಅಕ್ಕನಿಗೂ ಆಗಲೇ ಜ್ವರ ಬಂದಿತ್ತು. ಅವಳು ಏನೂ ಹಚ್ಚಲಿಲ್ಲ. ಅವಳಿಗೂ ಬಂತು.”

ಇಷ್ಟು ಸಾಕಿತ್ತು ಅವನಿಗೆ. ಹಚ್ಚಿದವಳಿಗೂ ಬಂತು, ಹಚ್ಚದವಳಿಗೂ ಬಂತು ಎಂದ ಮೇಲೆ ಔಷಧದ ಹೆಚ್ಚುಗಾರಿಕೆ ಏನು? ಅವನು ಹೊರಡಲು ತಿರುಗಿದಾಗ ಗ್ರೇಸಿ ಮತ್ತೆ ಕರೆದಳು. “ಆದರೆ ಸಾರೇ, ನಾವಿಬ್ಬರೂ ಒಂದೇ ಕೋಣೆಯಲ್ಲಿ ಮಲಗುವವರು. ನನ್ನ ಬಾಟಲಿ ಬೇಗ ಬೇಗ ಖಾಲಿಯಾಗುತ್ತಿತ್ತು. ಅವಳು ಕದ್ದು ಹಚ್ಚಿಕೊಂಡಳೋ ಏನೋ. ಕೇಳಿದರೆ ವಲ್ಲಾರ್ಪಾಡದ ಚರ್ಚಿನ ಅಮ್ಮನ ಆಣೆ ಹಾಕುತ್ತಾಳೆ.”

“ಹಾಗಾದರೆ ನೀವು ಏನು ಹೇಳುತ್ತೀರಿ?”

“ನಾನು ಹಚ್ಚಿದ್ದು ಹೌದು, ಕೂದಲು ಬಂದದ್ದೂ ಹೌದು. ಬೇರೆ ನನಗೆ ಗೊತ್ತಿಲ್ಲ.” ಜಡೆಯನ್ನು ಹಿಂದಕ್ಕೆ ಹಾಕಿಕೊಂಡು ಅವಳೇ ಕೇಳಿದಳು, “ಔಷಧ ನಿಮ್ಮ ಹೆಂಡತಿಗಾ? ಚೇಚಿ ಮನೆಯಿಂದ ಹೊರಗೆ ಬರುತ್ತಾರಾ?”

ಗಣೇಶಪ್ರಸಾದ ಮತ್ತೆ ಕೌಂಟರಿನ ಹತ್ತಿರ ಬಂದ. ತಿರುವನಂತಪುರದ ಪಟ್ಟಂ ಬಡಾವಣೆಯ ಶಾಲೆಯಲ್ಲಿ ಪಾಠ ಮಾಡುತ್ತಿದ್ದ ದೀಪ್ತಿ ಅದೇ ಜ್ವರ ಬಿಟ್ಟ ಮೇಲೂ ರಜೆ ಮುಂದುವರಿಸುತ್ತಲೇ ಇದ್ದಳು. ಬಾಚಣಿಗೆ ಮುಟ್ಟಲು ಹೆದರುತ್ತಿದ್ದಳು. ಇನ್ನು ಶಾಲೆಗೆ ಹೋಗುವುದಿಲ್ಲ, ಮಕ್ಕಳು ನಗುತ್ತಾರೆ, ಕೆಲಸ ಬಿಟ್ಟೇಬಿಡುತ್ತೇನೆ ಎಂದು ಮೊನ್ನೆ ಹೇಳಿದ್ದಳು. ತಿರುವನಂತಪುರದ ರೈಲಿನಲ್ಲಿ ಕೂತಾಗ ಅವನ ಚೀಲದಲ್ಲಿ ಔಷಧದ ಬಾಟಲಿಯಿತ್ತು. ಏಕೆ ತೆಗೆದುಕೊಂಡೆ ಎಂದು ದಾರಿಯುದ್ದಕ್ಕೂ ತನ್ನನ್ನೇ ಕೇಳಿಕೊಂಡ.

“ಎಂತ ಆಯ್ತು? ಮೋಸವಾ?” ಎಂದಳು ದೀಪ್ತಿ, ಬಾಗಿಲು ತೆರೆಯುತ್ತಲೇ.

“ಗೊತ್ತಾಗ್ಲಿಲ್ಲ ಮಾರಾಯ್ತಿ.”

“ನಿಮಗಾ? ಗೊತ್ತಾಗ್ಲಿಲ್ವಾ?” ಮದುವೆಯಾದಂದಿನಿಂದ ಅವನ ಬಾಯಿಂದ ಆ ಮಾತು ಕೇಳಿರದ ದೀಪ್ತಿ ಅವನ ಮುಖವನ್ನೇ ನೋಡಿದಳು. ಆಮೇಲೆ ಅವನ ಚೀಲದಲ್ಲಿದ್ದ ಬಾಟಲಿಯನ್ನು ತೆಗೆದು ಅವನ ಕೈಗೇ ಕೊಟ್ಟು ಸ್ಟೂಲಿನ ಮೇಲೆ ಕೂತು, ತಲೆಯ ಮೇಲಿನ ಸೆರಗನ್ನು ಸರಿಸಿದಳು. “ಹಾಗಾದ್ರೆ ನೀವೇ ಹಚ್ಚಿ. ನನಗೆ ಕನ್ನಡಿ ನೋಡ್ಲಿಕ್ಕೆ ಆಗುದಿಲ್ಲ.”

ಅವನು ಬೈತಲೆ ಬಿಡಿಸಿ ಮೆಲ್ಲನೆ ಹಚ್ಚತೊಡಗಿದ. ನೆತ್ತಿಯ ಹತ್ತಿರ ಬೆರಳಿಗೆ ಏನೋ ಚುಚ್ಚಿದಂತಾಯಿತು. ಬಗ್ಗಿ ನೋಡಿದ. ಗಿಡ್ಡ ಗಿಡ್ಡ ಕೂದಲು. ಹೊಸದಾಗಿ ಬರುತ್ತಿರುವುದೋ, ಹಳೆಯದು ತುಂಡಾಗಿ ಉಳಿದದ್ದೋ? ಟ್ಯೂಬ್‌ಲೈಟಿನ ಬೆಳಕಿಗೆ ಎಷ್ಟು ದಿಟ್ಟಿಸಿದರೂ ಅಂದಾಜಾಗಲಿಲ್ಲ. ಹೇಳಿ ಆಸೆ ಹುಟ್ಟಿಸಿ, ಆಮೇಲೆ ಸುಳ್ಳಾದರೆ? ಅವನು ಹೇಳಲಿಲ್ಲ.

ಓಣಂ ಕಳೆದು ಶಾಲೆ ತೆರೆಯುವ ಹೊತ್ತಿಗೆ ದೀಪ್ತಿಯ ನೆತ್ತಿ ಕಪ್ಪಾಗಿತ್ತು. ಸೆರಗು ಹೊದೆಯದೆ ಬಸ್ಸು ಹತ್ತಿ ಹೋದವಳು ಸಂಜೆ ನಗುನಗುತ್ತಾ ಬಂದು, ಚಪ್ಪಲಿ ಬಿಚ್ಚುವ ಮೊದಲೇ ಕಾಸರಗೋಡಿನಲ್ಲಿದ್ದ ತಂಗಿಗೆ ಫೋನು ಹಚ್ಚಿದಳು. ತಂಗಿ ನಿರ್ಮಲಳಿಗೆ ಬಾಣಂತನದ ನಂತರ ಕೂದಲು ಉದುರುತ್ತಿತ್ತು.

“ಕಣ್ಣು ಮುಚ್ಚಿ ತೆಕ್ಕೊ ನೀನು. ಪೇಪರಿನಲ್ಲಿ ಬಂದದ್ದನ್ನು ನಾನು ಸಹ ನಂಬ್ಲಿಲ್ಲ. ಆದ್ರೆ ನಿನ್ನ ಭಾವ ಗೊತ್ತುಂಟಲ್ಲ, ಸುಮ್ಮನೆ ಯಾವುದನ್ನೂ ನಂಬುವ ಜನ ಅಲ್ಲ. ಅವರೇ ಕೊಚ್ಚಿಗೆ ಹೋಗಿ, ಎಲ್ಲ ವಿಚಾರಿಸಿ, ಪರೀಕ್ಷೆ ಮಾಡಿ ತಂದದ್ದು. ಇರು, ಅವರ ಹತ್ರವೇ ಕೇಳು.”

ಗಣೇಶಪ್ರಸಾದ ರಿಸೀವರನ್ನು ಕಿವಿಗಿಟ್ಟುಕೊಂಡ. “ಭಾವ, ಆ ಔಷಧದಿಂದಲೇ ಬಂದದ್ದಾ?” ಎಂದಳು ನಿರ್ಮಲ. ಎದುರಿಗೆ ದೀಪ್ತಿ ತಲೆಯ ಕ್ಲಿಪ್ಪು ತೆಗೆಯುತ್ತಾ ಅವನ ಉತ್ತರ ಕೇಳಲು ನಿಂತಿದ್ದಳು. ಅವನು ತಲೆಯಾಡಿಸಿದ. ಹೌದೆಂದೋ ಅಲ್ಲವೆಂದೋ ಅವನಿಗೇ ತಿಳಿಯಲಿಲ್ಲ. ಆ ಕಡೆಯಿಂದ ನಿರ್ಮಲ “ಹಲೋ, ಹಲೋ” ಎನ್ನುತ್ತಲೇ ಇದ್ದಳು.