ಚುಕ್ಕೆಯಿಲ್ಲದ ಗಿಡಗಳು

ಗಾಜಿನ ಮನೆಯ ಬಾಗಿಲು ತೆಗೆದವಳೇ ಸಸ್ಯವಿಜ್ಞಾನಿ ಅಲ್ಲೇ ನಿಂತುಬಿಟ್ಟಳು. ಎಡಗಡೆಯ ಮೇಜುಗಳು ಬಿಕೋ ಎನ್ನುತ್ತಿದ್ದವು. ಎಲೆ ತುಂಬ ಕಂದು ಚುಕ್ಕೆಗಳಿದ್ದ ಟೊಮೆಟೊ ಗಿಡಗಳಲ್ಲಿ ಒಂದಾದರೂ ಉಳಿದಿರಲಿಲ್ಲ. ಬಲಗಡೆಯ ಹಸಿರು ಗಿಡಗಳನ್ನು ಮಾತ್ರ ಯಾರೋ ನೀರು ಚಿಮುಕಿಸಿ, ಶಾಲೆಯ ಮಕ್ಕಳ ಹಾಗೆ ಸಾಲಾಗಿ ನಿಲ್ಲಿಸಿದ್ದರು.

"ನನ್ನ ಗಿಡಗಳೆಲ್ಲಿ?"

"ಸುಟ್ಟಾಯ್ತು," ಎಂದರು ನಿರ್ದೇಶಕರು, ಕುಂಡದ ಅಂಚಿನ ಮಣ್ಣನ್ನು ಕರವಸ್ತ್ರದಿಂದ ಒರೆಸುತ್ತ. ಸಂಸ್ಥೆಯವರೆಲ್ಲ ಬೆನ್ನ ಹಿಂದೆ ಅವರನ್ನು ಇಸ್ತ್ರಿ ಸಾಹೇಬರು ಅನ್ನುವುದು ಸುಮ್ಮನೆ ಅಲ್ಲ. ಅವರಿಗೆ ಎಲ್ಲೂ ಒಂದು ಸುಕ್ಕು, ಒಂದು ಕಲೆ ಕಾಣಬಾರದು. "ಬೆಳೆಗಾರರ ಸಂಘದವರು ಬರ್ತಿದ್ದಾರೆ. ರೋಗ ಹಿಡಿದ ಗಿಡ ತೋರಿಸಿ ಮರ್ಯಾದೆ ಕಳ್ಕೊಳ್ಳೋದಾ?"

ಅವಳ ಮೈಯೆಲ್ಲ ಉರಿದುಹೋಯಿತು. ವರ್ಷವರ್ಷವೂ ಕೊಳೆತುಹೋಗುವ ತೋಟಗಳನ್ನು ನೋಡಲಾರದೆ, ಕಣ್ಣಲ್ಲಿ ಕಣ್ಣಿಟ್ಟು ಬೆಳೆಸಿದ ತಳಿ ಅದು. ಬೀಜಕ್ಕೆಂದು ಇದ್ದದ್ದೂ ಅವೇ ಗಿಡಗಳು. ಯಾವುದು ತಡೆದುಕೊಳ್ಳುತ್ತದೆ ನೋಡೋಣವೆಂದು ಮೊನ್ನೆ ತಾನೇ ಕೈಯಾರೆ ಆ ತಳಿಗೂ ಬಲಗಡೆಯ ಮಾಮೂಲಿ ಗಿಡಗಳಿಗೂ ರೋಗ ಅಂಟಿಸಿದ್ದಳು.

"ಆ ಚುಕ್ಕೆ ರೋಗ ಅಲ್ಲ ಸಾರ್, ರೋಗದ ಗೋರಿ! ಬೂಷ್ಟು ಒಳಗೆ ಕಾಲಿಟ್ಟ ತಕ್ಷಣ ಎಲೆ ಆ ಜಾಗದಲ್ಲಿ ತನ್ನ ಜೀವಕೋಶಗಳನ್ನೇ ಸಾಯಿಸಿ, ಸುತ್ತ ವಿಷ ತಯಾರಿಸಿ, ಅದನ್ನ ಅಲ್ಲೇ ಮುಗಿಸಿಬಿಡುತ್ತೆ. ಗೆದ್ದ ಗಿಡಕ್ಕೇ ಆ ಚುಕ್ಕೆ ಬರೋದು. ನೀವು ಉಳಿಸಿಕೊಂಡಿರೋ ಈ ಶೋಕಿಲಾಲರಿಗೆ ಶತ್ರು ಮನೆಯೊಳಗೆ ಬಂದು ಕೂತಿದ್ದೂ ಗೊತ್ತಿಲ್ಲ. ಇನ್ನೆರಡು ದಿನದಲ್ಲಿ ಕೊಳೆತುಹೋಗ್ತವೆ!"

ಸಾಹೇಬರು ಒಂದು ಕ್ಷಣ ಯೋಚಿಸಿದರು. "ಇವತ್ತು ಸಂಜೆವರೆಗೆ ಹೀಗೇ ಹಸಿರಾಗಿರ್ತವಲ್ಲ?"

"ಇರಬಹುದು. ಆದರೆ..."

"ಅಷ್ಟು ಸಾಕು ಬಿಡಮ್ಮ."

ಅತಿಥಿಗಳು ಬಂದರು, ಹೊಗಳಿದರು, ಫೋಟೋ ತೆಗೆಸಿಕೊಂಡರು. ವಿಜ್ಞಾನಿ ಹಲ್ಲು ಕಚ್ಚಿಕೊಂಡು ಮೂಲೆಯಲ್ಲಿ ನಿಂತಿದ್ದಳು. ಕೊನೆಗೆ ಸಾಹೇಬರು, ಹೇಳದೆ ಕೇಳದೆ, ಒಂದು ಹಸಿರು ಗಿಡವನ್ನು ಕುಂಡದ ಸಮೇತ ಎತ್ತಿ ಸಂಘದ ಅಧ್ಯಕ್ಷೆಯ ಕೈಗಿಟ್ಟರು. "ನಮ್ಮ ಸಂಸ್ಥೆಯ ನೆನಪಿಗೆ. ನಿಮ್ಮ ತೋಟದಲ್ಲೇ ನೆಡಿ."

"ಅಬ್ಬಾ, ಒಂದು ಚುಕ್ಕೆನೂ ಇಲ್ಲ ನೋಡಿ!" ಅಧ್ಯಕ್ಷೆ ಕುಂಡವನ್ನು ಎದೆಗವಚಿಕೊಂಡರು. "ಹೋದ ಸಲ ನಮಗೆ ಒಂದು ಬುಟ್ಟಿ ಹಣ್ಣೂ ಸಿಗಲಿಲ್ಲ, ಎಲ್ಲ ಕೊಳೆತುಹೋಯ್ತು. ಇದನ್ನ ಹೊಸ ಸಸಿಗಳ ನಡುವೆನೇ ನೆಡ್ತೀನಿ."

ಇನ್ನು ತಡೆಯಲಾಗಲಿಲ್ಲ. ವಿಜ್ಞಾನಿ ನುಗ್ಗಿ ಬಂದವಳೇ ಆ ಗಿಡದ ಒಂದು ಎಲೆಯನ್ನು ಹಿಡಿದು ಮಗುಚಿದಳು. ಅಡಿಯಲ್ಲಿ ಬಿಳಿ ಬೂಷ್ಟು ನಯವಾಗಿ ಹಬ್ಬಿತ್ತು. ಅಧ್ಯಕ್ಷೆ ಕೈ ಸುಟ್ಟವರ ಹಾಗೆ ಕುಂಡವನ್ನು ಮೇಜಿನ ಮೇಲೆ ಇಟ್ಟುಬಿಟ್ಟರು.

ಸಾಹೇಬರ ಮುಖ ಕೆಂಪೇರಿತು. ವಿಜ್ಞಾನಿಯ ಕಿವಿಯ ಹತ್ತಿರ ಬಗ್ಗಿ, ಹಲ್ಲು ಕಡಿಯುತ್ತ ಕೇಳಿದರು:

"ಅದನ್ನ ತಿರುಗಿಸಿ ತೋರಿಸು ಅಂತ ನಿಂಗೆ ಯಾರಮ್ಮ ಹೇಳಿದ್ದು?"