ಉಳಿದಿದ್ದ ಒಂದು ಗುಂಡು

ಜುಂಜಪ್ಪ ಮಚ್ಚನ್ನು ಟವೆಲ್ಲಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡೇ ಶೆಟ್ಟಿಹಳ್ಳಿಯ ಆ ಕೊಟ್ಟಿಗೆಯ ಬಾಗಿಲು ದಾಟಿದ. ಒಳಗೆ ಮುಖ್ತಾರ್ ಅಹಮದ್ ಬೆನ್ನು ಮಾಡಿ ನಿಂತಿದ್ದ. ಅವನ ಜಟಕಾದ ಕುದುರೆ ಬಕೆಟ್ಟಿಗೆ ಬಾಯಿಟ್ಟು ನೀರು ಕುಡಿಯುತ್ತಿತ್ತು. ಬಕೆಟ್ಟು ಹಿಡಿದು ಬಗ್ಗಿದ ಮುಖ್ತಾರನ ಕುತ್ತಿಗೆ ಎದುರಿಗೇ ಇತ್ತು. ಒಂದೇ ಏಟಿನ ಕೆಲಸ.

ಆದರೆ ನೀರು ಕುಡಿಯುವ ಕುದುರೆಯನ್ನು ಬೆದರಿಸಬಾರದು. ಜುಂಜಪ್ಪ ಕುಣಿಗಲ್ಲಿನ ಕುದುರೆ ಫಾರಮ್ಮಿನಲ್ಲಿ ಲಾಯದ ಆಳಾಗಿಯೇ ಮುದುಕನಾದವನು. ಕೊಲ್ಲಲು ಬಂದ ಹೊತ್ತಿನಲ್ಲೂ ಮೈಗೆ ಹತ್ತಿದ ಅಭ್ಯಾಸ ಬಿಡಲಿಲ್ಲ. ಬಕೆಟ್ಟು ಬರಿದಾಗುವವರೆಗೆ ಕಾದ.

ಬೆಳಿಗ್ಗೆ ಯಡಿಯೂರಿಗೆ ಹೋಗಿ ಸಿದ್ಧಲಿಂಗೇಶ್ವರನಿಗೆ ಕೈಮುಗಿದು ಬಂದಿದ್ದ. ಅಲ್ಲಿ ಬೇಡಿಕೊಂಡದ್ದು ದೇವರನ್ನು ಬೇಡುವಂಥದ್ದಲ್ಲ ಎಂದು ಅವನಿಗೆ ತಿಳಿದಿತ್ತು. ಆದರೂ ಬೇಡಿಕೊಂಡ. ಮಗ ಬೀರಯ್ಯ ತೀರಿಹೋಗಿ ಆರು ತಿಂಗಳಾಗಿತ್ತು. ಮಣ್ಣು ಮಾಡಲು ಹೆಣವೂ ಸಿಕ್ಕಿರಲಿಲ್ಲ.

ಸುದ್ದಿ ತಂದವನು ಹುಲಿಯೂರುದುರ್ಗದ ಸೈಫುಲ್ಲಾ. ಸರಕು ಹಡಗೊಂದರಲ್ಲಿ ಅಡುಗೆಯವನು. ಬೀರಯ್ಯನನ್ನೂ ಅವನ ಜೊತೆಗಾರ ಮುಖ್ತಾರನನ್ನೂ ಅದೇ ಹಡಗಿಗೆ ಸೇರಿಸಿದವನೂ ಅವನೇ. ಬೊಂಬಾಯಿಯಿಂದ ಕುವೈತಿಗೆ ನಾಲ್ಕು ಕುದುರೆ ಹೋಗಬೇಕಾಗಿತ್ತು, ನೋಡಿಕೊಳ್ಳಲು ಇಬ್ಬರು ಬೇಕಾಗಿತ್ತು. ನಾಲ್ಕರಲ್ಲಿ ಒಂದು ಬೆಳ್ಳಿ. ಜುಂಜಪ್ಪನ ಕೈಮೇಲೆ ಹುಟ್ಟಿದ್ದು, ಬೀರಯ್ಯ ಸಾಕಿ ಬೆಳೆಸಿದ್ದು. ಅದು ಎಂಬತ್ತನಾಲ್ಕರ ಬೇಸಿಗೆ. ಇರಾನಿಗೂ ಇರಾಕಿಗೂ ಯುದ್ಧ ನಡೆದಿತ್ತು. ಕೊಲ್ಲಿಯಲ್ಲಿ ಯಾರ ಹಡಗು, ಏನು ಸರಕು ಎಂದು ಕೇಳುವವರಿರಲಿಲ್ಲ. ಒಂದು ಮಧ್ಯಾಹ್ನ ಯಾವ ಕಡೆಯದೋ ವಿಮಾನ ಬಂದು ಹಡಗಿನ ಹೊಟ್ಟೆ ಸೀಳಿ ಹೋಯಿತು. ಮೇಲಿದ್ದವರು ದೋಣಿ ಇಳಿಸುತ್ತಿದ್ದಾಗ ಕೆಳಗಿನ ಹೊಗೆಯಿಂದ ಕರುಳು ಕೀಳುವಂಥ ಚೀರಾಟ ಕೇಳುತ್ತಲೇ ಇತ್ತು. ನಡುವೆ ನಾಲ್ಕೈದು ಗುಂಡು ಹಾರಿದವು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಗುಂಡಿನ ಸದ್ದು. ಚೀರಾಟ ನಿಂತಿತು. ಹಗ್ಗ ಹಿಡಿದು ಮೇಲೆ ಬಂದವನು ಮುಖ್ತಾರ್ ಒಬ್ಬನೇ. ಅವನ ಸೊಂಟದಲ್ಲಿ ಪಿಸ್ತೂಲಿತ್ತು.

ಇಷ್ಟನ್ನೂ ಹೇಳಿ ಸೈಫುಲ್ಲಾ, ಕೆಳಗೆ ನಡೆದದ್ದನ್ನು ತಾನು ಕಣ್ಣಾರೆ ಕಂಡಿಲ್ಲವೆಂದು ಕೊನೆಗೊಂದು ಮಾತು ಸೇರಿಸಿದ್ದ. ಜುಂಜಪ್ಪನ ಕಿವಿಗೆ ಅದು ಬೀಳಲಿಲ್ಲ.

ಕುದುರೆ ತಲೆಯೆತ್ತಿತು. ಮುಖ್ತಾರ್ ತಿರುಗಿದ. ಅವನ ಎರಡೂ ಕೈ ಮೊಣಕೈವರೆಗೆ ಬೆಂದು ಸುಕ್ಕುಗಟ್ಟಿದ್ದವು. ಬಂದವನ ಮುಖ ನೋಡಿದ, ಟವೆಲ್ಲಿನ ಗಂಟು ನೋಡಿದ.

“ಬಂದೇ ಬರ್ತೀಯ ಅಂತ ಗೊತ್ತಿತ್ತು ದೊಡ್ಡಪ್ಪ,” ಎಂದ. “ಇಷ್ಟು ತಡ ಮಾಡ್ತೀಯ ಅನ್ಕೊಂಡಿರ್ಲಿಲ್ಲ.”

ಜುಂಜಪ್ಪ ಮಚ್ಚಿನ ಹಿಂಬದಿಯಿಂದ ಅವನ ಕೆನ್ನೆಗೆ ಬೀಸಿದ. ರಕ್ತ ಹುಲ್ಲಿನ ಮೇಲೆ ಚಿಮ್ಮಿತು. ಮುಖ್ತಾರ್ ಕೈ ಅಡ್ಡ ತರಲಿಲ್ಲ. ಇನ್ನೊಂದು ಏಟಿಗೆ ಹಲ್ಲು ಉದುರಿ, ಮಂಡಿಯೂರಿ ಕುಸಿದ. ಜುಂಜಪ್ಪ ಅವನ ಕೂದಲು ಹಿಡಿದು ತಲೆಯನ್ನು ಗೋಡೆಗೆ ಅಪ್ಪಳಿಸಿ, ಮಚ್ಚು ತಿರುಗಿಸಿ ಅಲಗನ್ನು ಗಂಟಲಿಗೆ ಒತ್ತಿದ.

“ಮೊದ್ಲು ಬೆಳ್ಳಿ ವಿಚಾರ ಹೇಳೋ.”

ಮಗನಿಗಿಂತ ಮುಂಚೆ ಕುದುರೆಯ ಮಾತು ಬಾಯಿಗೆ ಬಂದದ್ದು ಅವನಿಗೇ ಗೊತ್ತಾಗಲಿಲ್ಲ.

“ಅದು ಹೆಚ್ಚು ಹೊತ್ತು ನರಳಲಿಲ್ಲ.”

“ಗುಂಡು ಹಾರ್ಸಿದ್ದು ನೀನೇನಾ?”

“ನಾನೇ.”

ಅಲಗು ಚರ್ಮಕ್ಕೆ ಇಳಿಯಿತು. ಸಾಯುವ ಮುಂಚೆ ಪೂರ್ತಿ ಬಗುಳು ಎಂದ ಜುಂಜಪ್ಪ. ಮುಖ್ತಾರ್ ರಕ್ತ ಉಗಿದು ಹೇಳತೊಡಗಿದ. ಪಿಸ್ತೂಲು ಹಡಗಿನವರು ಕೊಟ್ಟದ್ದು. ಸಮುದ್ರದ ಹೊಯ್ದಾಟದಲ್ಲಿ ಕುದುರೆ ಬಿದ್ದು ಕಾಲು ಮುರಿದುಕೊಂಡರೆ ಬೇಕಾಗುತ್ತದೆಂದು. ಬಾಂಬು ಬಿದ್ದಾಗ ಎರಡು ಕುದುರೆ ಅಲ್ಲೇ ಛಿದ್ರವಾದವು. ಮೂರನೆಯದು ಮೈಗೆ ಬೆಂಕಿ ಹತ್ತಿ ಹುಚ್ಚೆದ್ದು ಓಡಾಡಿತು. ಅದನ್ನು ಕೆಡವುವಷ್ಟರಲ್ಲಿ ಒಂದು ಬಿಟ್ಟು ಉಳಿದ ಗುಂಡುಗಳೆಲ್ಲ ಮುಗಿದವು. ಬೀರಯ್ಯನ ಸೊಂಟದಿಂದ ಕೆಳಗೆ ಕಬ್ಬಿಣದ ತೊಲೆ ಬಿದ್ದು ಎಲ್ಲವೂ ಜಜ್ಜಿಹೋಗಿತ್ತು. ತೊಲೆ ಕಾದು ಕೆಂಪಾಗುತ್ತಿತ್ತು. ಮುಖ್ತಾರ್ ಎರಡೂ ಕೈಯಲ್ಲಿ ಹಿಡಿದು ಎತ್ತಲು ನೋಡಿದ. ಕೈ ಬೆಂದಿತು, ತೊಲೆ ಅಲುಗಲಿಲ್ಲ. ಬೆಂಕಿ ಹುಲ್ಲಿನ ಪಿಂಡಿಗಳನ್ನು ತಿನ್ನುತ್ತಾ ಹತ್ತಿರ ಬಂತು.

“ಬೇಯೋಕೆ ಮುಂಚೆ ಮುಗ್ಸಿಬುಡೋ ಅಂತ ಅವನೇ ಕೇಳ್ದ ದೊಡ್ಡಪ್ಪ. ಹಣೆಗೆ ಇಟ್ಟೆ.”

ಅಲ್ಲಿಗೆ ನಿಲ್ಲಿಸಿ ಕಣ್ಣು ಮುಚ್ಚಿದ.

ಮಚ್ಚು ಹಿಡಿದ ಕೈ ಹಾಗೇ ನಿಂತಿತು. ಜುಂಜಪ್ಪನಿಗೆ ಎಂಟು ವರ್ಷದ ಬೀರಯ್ಯ ಕಂಡ. ಸ್ಕೂಲಿನಿಂದ ಹಸಿದು ಬಂದು, ಕುದುರೆಗೆ ನೀರು ತೋರಿಸುವ ಮೊದಲೇ ಒಂದು ತುತ್ತು ಮುದ್ದೆ ಬಾಯಿಗೆ ಹಾಕಿಕೊಂಡಿದ್ದ. ಲಾಯದಲ್ಲಿ ಏನಿದ್ದರೂ ಮೊದಲು ಕುದುರೆಗೆ, ಆಮೇಲೆ ನಮಗೆ ಎಂದು ಹೇಳಿ ಹೇಳಿ, ಜುಂಜಪ್ಪ ಲಗಾಮಿನ ಪಟ್ಟಿಯಲ್ಲಿ ಬೆನ್ನಿನ ಚರ್ಮ ಸುಲಿಯುವಂತೆ ಬಾರಿಸಿದ್ದ. ಹುಡುಗ ಒಂದು ಸಲವೂ ಬಾಯಿಬಿಡಲಿಲ್ಲ. ಗುರುತು ಬೆನ್ನಿನಲ್ಲಿ ಉಳಿಯಿತು. ಅಂಥ ಮಗ ಚೀರಿದನೆಂದರೆ ಆ ಉರಿ ಇನ್ನೆಂಥದ್ದಿರಬೇಕು.

ಮಚ್ಚು ಕೆಳಗೆ ಬಿತ್ತು. ಕುದುರೆ ಬೆಚ್ಚಿ ಕಿವಿ ನಿಮಿರಿಸಿತು. ಜುಂಜಪ್ಪ ನೆಲಕ್ಕೆ ಕುಳಿತು, ಆರು ತಿಂಗಳು ಕಟ್ಟಿಕೊಂಡಿದ್ದ ಅಳುವನ್ನೆಲ್ಲ ಅಲ್ಲಿ ಅತ್ತ. ಆಮೇಲೆ ಟವೆಲ್ಲಿನಿಂದ ಮುಖ್ತಾರನ ಬಾಯಿಯ ರಕ್ತ ಒರೆಸಿದ. ತಲೆಯ ಮೇಲೆ ಕೈಯಿಟ್ಟ.

“ಲಾಯದವ್ನು ಮಾಡೋ ಕೆಲ್ಸಾನೇ ಮಾಡಿದೀಯ ಕಣೋ. ನಾನಿದ್ದಿದ್ರೂ ಅದನ್ನೇ ಮಾಡ್ತಿದ್ದೆ. ನನ್ನ ಮಗನ್ನ ಉರೀಲಿ ಬಿಡ್ಲಿಲ್ಲ ನೀನು. ಆ ಸಿದ್ಧಲಿಂಗಪ್ಪ ನಿನ್ನ ಚೆನ್ನಾಗಿಟ್ಟಿರ್ಲಿ.”

ಮಚ್ಚಿನ ಏಟಿಗೆ ಕೈ ಅಡ್ಡ ತರದಿದ್ದ ಮುಖ್ತಾರ್ ಈಗ ಕೈಯೆತ್ತಿದ. ಜುಂಜಪ್ಪನ ಕೈಯನ್ನು ತಲೆಯಿಂದ ಮೆಲ್ಲಗೆ ತೆಗೆದು ಕೆಳಗಿಟ್ಟ.

“ಚೀರ್ತಿದ್ದದ್ದು ಬೀರಯ್ಯ ಅಲ್ಲ ದೊಡ್ಡಪ್ಪ, ಕಾಲು ಮುರ್ಕೊಂಡು ಬಿದ್ದಿದ್ದ ಬೆಳ್ಳಿ,” ಎಂದ. “ಹಣೆಗಿಟ್ಟ ಪಿಸ್ತೂಲನ್ನ ಅವನೇ ಹಿಡಿದು ಅದರ ಕಡೆ ತಿರುಗಿಸ್ದ. ‘ಮೊದ್ಲು ಕುದುರೆಗೆ’ ಅಂದ.”